ಮುಶಾ-ಎ

ಸಮುರಾಯ್ ವೀರರನ್ನೂ ಅವರ ಕಾಳಗಗಳನ್ನೂ ಚಿತ್ರಿಸುವ ಜಪಾನಿನ ಮರದಚ್ಚಿನ ಚಿತ್ರಪ್ರಕಾರ. ಉಕಿಯೊ-ಎ ಪರಂಪರೆಯ ಒಂದು ಕವಲು. ಎಡೊ ಯುಗದ (1603–1868) ಕೊನೆಯ ದಶಕಗಳು ಇದರ ಏಳಿಗೆಯ ಕಾಲ. 1638ರಲ್ಲಿ ಶಿಮಾಬಾರಾ ದಂಗೆ ಅಡಗಿದ ಮೇಲೆ ಎರಡು ಶತಮಾನ ದೊಡ್ಡ ಯುದ್ಧ ಕಾಣದ ನಾಡಿನಲ್ಲಿ, ರಣರಂಗದ ಈ ಚಿತ್ರಗಳನ್ನು ಕೊಳ್ಳುತ್ತಿದ್ದವರು ಹೆಚ್ಚಾಗಿ ಎಡೊ ಪಟ್ಟಣದ ವರ್ತಕರು, ಕುಶಲಕರ್ಮಿಗಳು.

ಬಂಡವಾಳ ಪ್ರಕಾಶಕನದು. ಕಲಾವಿದ ತೆಳುಹಾಳೆಯಲ್ಲಿ ಬರೆದ ರೇಖಾಚಿತ್ರವನ್ನು ಚೆರ್ರಿ ಮರದ ಹಲಗೆಗೆ ಮಗುಚಿ ಅಂಟಿಸಿ ಕೆತ್ತುತ್ತಿದ್ದರು. ಬಣ್ಣಗಳಿಗೆ ಬೇರೆ ಬೇರೆ ಹಲಗೆ. ಕಾಳಗದ ಹರವು ಒಂದು ಹಾಳೆಗೆ ಸಾಲದಾದಾಗ ಸುಮಾರು 38 ಸೆಂ.ಮೀ. ಎತ್ತರದ ಮೂರು ಹಾಳೆಗಳನ್ನು ಒತ್ತಟ್ಟಿಗೆ ಜೋಡಿಸುವುದು ರೂಢಿ.

ವೀರರೆಲ್ಲ ಹಳೆಯ ಕಾಲದವರೇ ಆಗಿರುವುದಕ್ಕೆ ಕಥೆಗಳ ಮೋಹವಷ್ಟೇ ಕಾರಣವಲ್ಲ, ಸರ್ಕಾರದ ಭಯವೂ ಹೌದು. ಎಡೊ ಯುಗಕ್ಕೆ ಮುನ್ನ ನಾಡನ್ನಾಳಿದ ಹಿದೆಯೋಶಿಯನ್ನು ಚಿತ್ರಿಸಿದ ತಪ್ಪಿಗೆ 1804ರಲ್ಲಿ ಹೆಸರಾಂತ ಕಲಾವಿದ ಉತಮಾರೊನ ಕೈಗೆ ಕೋಳ ಬಿತ್ತು. 1573ರಿಂದೀಚಿನ ಯೋಧರನ್ನು ನಿಜನಾಮದಲ್ಲಿ ತೋರಿಸುವುದಕ್ಕೆ ನಿಷೇಧ ಬಂತು. ಅದೇ ಕಾಲದ ಸೇನಾನಾಯಕ ಒದಾ ನೊಬುನಾಗಾ ಚಿತ್ರದಲ್ಲಿ ಒತಾ ಹರುನಾಗಾ ಆದ. ಅದು ಯಾರೆಂದು ಕೊಳ್ಳುವವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈ ಪ್ರಕಾರದ ಮೇರುಕಲಾವಿದ ಉತಗಾವಾ ಕುನಿಯೋಶಿ (1798–1861). ಅವನಿಗೆ ಹೆಸರು ತಂದ 1827ರ ಸುಮಾರಿನ ಸರಣಿಯ ನಾಯಕರು ಸಮುರಾಯ್‌ಗಳೇ ಅಲ್ಲ, ಚೀನೀ ಕಾದಂಬರಿಯೊಂದರ 108 ದಂಗೆಕೋರರು. ಅವರ ಮೈತುಂಬಾ ಅವನು ಬರೆದ ಹಚ್ಚೆಗಳನ್ನು ಎಡೊದ ಜನ ತಮ್ಮ ಮೈಮೇಲೂ ಹಾಕಿಸಿಕೊಂಡರು. ದೈಮೊತ್ಸು ಕೊಲ್ಲಿಯ ಮೂರು ಹಾಳೆಗಳ ಚಿತ್ರ ಅವನ ಶಕ್ತಿಗೆ ಒಳ್ಳೆಯ ಸಾಕ್ಷಿ. ಅಣ್ಣನ ಹಗೆಗೆ ಹೆದರಿ ಸೇನಾನಿ ಯೋಶಿತ್ಸುನೆ ದೋಣಿಯಲ್ಲಿ ಓಡಿಹೋಗುತ್ತಿದ್ದಾನೆ. 1185ರಲ್ಲಿ ದಾನ್ನೊಉರಾ ಕಡಲಕಾಳಗದಲ್ಲಿ ಅವನಿಂದ ಸೋತು ಮುಳುಗಿದ ತೈರಾ ಕುಲದವರು ಪ್ರೇತಗಳಾಗಿ ಅಡ್ಡಗಟ್ಟುತ್ತಾರೆ. ಮುಖವಿಲ್ಲ, ಬಣ್ಣವಿಲ್ಲ, ಕೊಂಬಿನ ಶಿರಸ್ತ್ರಾಣಗಳ ಮಬ್ಬು ನೆರಳುಗಳು ಮಾತ್ರ. ಕತ್ತಿ ಕೆಲಸಕ್ಕೆ ಬಾರದ ಈ ಶತ್ರುಗಳ ಎದುರು, ದೋಣಿಯ ಮೂತಿಯಲ್ಲಿ ನಿಂತ ಸನ್ಯಾಸಿ-ಯೋಧ ಬೆಂಕೆಯ್ ಪ್ರಾರ್ಥನೆಗೆ ಮೊರೆಹೋಗಿದ್ದಾನೆ.

ಕುನಿಯೋಶಿಯ ಶಿಷ್ಯ ಯೋಶಿತೋಶಿಯ (1839–1892) ಕಾಲಕ್ಕೆ ಯುದ್ಧ ಮನೆಬಾಗಿಲಿಗೇ ಬಂತು. 1868ರಲ್ಲಿ ಎಡೊದ ಉಏನೊದಲ್ಲಿ ಅಲ್ಲಿಯವರೆಗೆ ನಾಡನ್ನಾಳಿದ ಶೋಗುನ್ ಪಕ್ಷದವರು ಸೋತ ಬಳಿಕ ಅವನು ರಕ್ತಸಿಕ್ತ ಯೋಧರ ಸರಣಿಯೊಂದನ್ನು ಹೊರತಂದ. ಹೆಸರುಗಳು ಹಳೆಯವು, ಗಾಯಗಳು ಆ ವರ್ಷದವು. 1894–95ರ ಚೀನಾ ಯುದ್ಧದಲ್ಲಿ ಮೂರು ಹಾಳೆಗಳ ರಣಚಿತ್ರಕ್ಕೆ ಮತ್ತೆ ಗಿರಾಕಿ ಕುದುರಿತಾದರೂ ಆ ವೇಳೆಗೆ ಸೈನಿಕರು ಸಮವಸ್ತ್ರ ತೊಟ್ಟು ಬಂದೂಕು ಹಿಡಿದಿದ್ದರು.