ಮಾಗಿ ಕಾಲದ ನಮ್ಮ ಸೀಮೆ: ಕಣ, ಕೆರೆ ಮತ್ತು ಕಬ್ಬಿನ ಗದ್ದೆ



ಬೆಳ್ಳಿ ಹಬ್ಬದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನಾವು ಮೊದಲು ಹಿಂಜರಿದೆವು. ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದವರು ನಾವು. ಸಂಘಕ್ಕೆ ಎಷ್ಟು ಲೀಟರ್ ಹಾಲು ಬಂತು, ಬೋನಸ್ ಎಷ್ಟು ಹಂಚಿದೆವು ಎಂಬುದೆಲ್ಲ ಆಡಿಟ್ ವರದಿಯಲ್ಲೇ ಇದೆ. ಆದರೆ ಲೆಕ್ಕದ ಪುಸ್ತಕಕ್ಕೆ ಹತ್ತದ ಇತಿಹಾಸವೂ ಒಂದಿದೆಯಲ್ಲ, ಅದನ್ನು ಬರೆಯೋಣ ಎನಿಸಿತು. ನಂಜನಗೂಡು, ತಿ. ನರಸೀಪುರ ಸೀಮೆಯ ಚಳಿಗಾಲ ನಾವು ಹುಡುಗರಾಗಿದ್ದಾಗ ಹೇಗಿತ್ತು, ಈಗ ಹೇಗಿದೆ ಎಂಬುದೇ ಈ ಲೇಖನ.

ನಮ್ಮ ದೇಶದಲ್ಲಿ ಸಹಕಾರಿ ಕಾಯಿದೆ ಬಂದದ್ದು 1904ರಲ್ಲಿ. ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಂಘ ಕಟ್ಟಿದರು. ಆದರೆ ಸಹಕಾರ ಅನ್ನೋದು ಕಾಯಿದೆಗಿಂತ ಹಳೆಯದು. ನಮ್ಮಲ್ಲಿ ಅದಕ್ಕೆ ಮುಯ್ಯಾಳು ಅಂತಿದ್ದರು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ರುಜು ಇಲ್ಲ, ರಸೀದಿ ಇಲ್ಲ. ಈ ಮುಯ್ಯಾಳಿನ ಲೆಕ್ಕವೆಲ್ಲ ಚುಕ್ತಾ ಆಗುತ್ತಿದ್ದುದು ಮಾಗಿ ಕಾಲದ ಕಣದಲ್ಲಿ.

ಕಾರ್ತಿಕ ಕಳೆದು ರಾಗಿ ಕೊಯ್ದು ಮೆದೆ ಹಾಕಿದ ಮೇಲೆ ಕಣ ಮಾಡುವ ಕೆಲಸ. ನೆಲ ಕೆರೆದು, ನೀರು ಚಿಮುಕಿಸಿ, ದನ ತುಳಿಸಿ, ಸಗಣಿ ಹಾಕಿ ಸಾರಿಸಿದರೆ ಸಿಮೆಂಟ್ ನೆಲ ನಾಚಬೇಕು. ನಡುವೆ ಮೇಟಿ ಕಂಬ. ರೋಣಗಲ್ಲು ಕಟ್ಟಿದ ಎತ್ತುಗಳು ಸುತ್ತಿ ಸುತ್ತಿ ರಾಗಿ ಉದುರುತ್ತಿತ್ತು. ರಾಶಿ ಅಳೆಯುವಾಗ ಒಂದು ಅನ್ನುತ್ತಿರಲಿಲ್ಲ. 'ಲಾಭ' ಅಂತಲೇ ಎಣಿಕೆ ಶುರು. ರಾಶಿ ಪೂಜೆಯ ದಿನ ಕಣಕ್ಕೆ ಬಂದವರು ಯಾರೂ ಬರಿಗೈಲಿ ಹೋಗುತ್ತಿರಲಿಲ್ಲ. ಬಡಗಿ, ಅಗಸ, ಭಿಕ್ಷಕ್ಕೆ ಬಂದವನಿಗೂ ಒಂದೊಂದು ಮೊರ ಇತ್ತು.

ಕಣ ಕಾಯಲು ರಾತ್ರಿ ಅಲ್ಲೇ ಮಲಗುವುದು ನಮಗೆ ದೊಡ್ಡ ಸಂಭ್ರಮ. ಹುಲ್ಲು ಹಾಸಿ, ಮೇಲೆ ಕಂಬಳಿ ಹೊದ್ದು, ನಮ್ಮ ತಾತ ಸೌದೆ ಹಾಕಿ ಬೆಂಕಿ ಮಾಡೋರು. ಕೆಂಡದಲ್ಲಿ ಕಡಲೆಕಾಯಿ, ಗೆಣಸು ಸುಡುತ್ತಿದ್ದೆವು. ಮನೆಯಿಂದ ಮುದ್ದೆ, ಸೊಗಡು ಅವರೆಕಾಯಿ ಸಾರು ಬರುತ್ತಿತ್ತು. ಆ ಸೊಗಡು ಕೈಯಿಂದ ಎರಡು ದಿನ ಹೋಗುತ್ತಿರಲಿಲ್ಲ, ಹೋಗಲಿ ಅಂತ ನಮಗೂ ಇರಲಿಲ್ಲ. ದೂರದಲ್ಲಿ ನರಿ ಊಳಿಟ್ಟರೆ ತಾತ, "ಹೆದರ್ಬ್ಯಾಡ ಕಣ್ ಮಗ, ಅದುಕ್ಕೂ ಚಳಿ ಆಯ್ತದೆ" ಅಂತ ಕಂಬಳಿ ಎಳೆದು ಹೊದಿಸೋರು. ಬೆಳಗಿನ ಜಾವ ಎದ್ದರೆ ಕಂಬಳಿ ಮೇಲೆಲ್ಲ ಇಬ್ಬನಿ. ಹತ್ತು ಮಾರು ಆಚೆ ಏನೂ ಕಾಣದಂಥ ಮಂಜು. ಆ ಮಂಜಿನೊಳಗೆ ಕೌಜುಗದ ಕೂಗು, ನವಿಲಿನ ಕೂಗು. ಬಾಲ ಕುಣಿಸುತ್ತ ಕಣದ ಅಂಚಿನಲ್ಲಿ ಓಡಾಡುವ ಸಿಪಿಲೆ ಹಕ್ಕಿ ಬಂದರೆ ಚಳಿ ಬಂತು ಅಂತಲೇ ಲೆಕ್ಕ.

ಚಳಿಗಾಲದ ನೆಂಟರಲ್ಲಿ ದೊಡ್ಡವರು ಕೆರೆಯ ಬಾತುಗಳು. ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದ ಹೆಸರು ಇತಿಹಾಸದಲ್ಲಿ ಪ್ರಸಿದ್ಧ. ದ್ವಾರಕೆಯಿಂದ ಬಂದ ಯದುರಾಯ ಮತ್ತು ಕೃಷ್ಣರಾಯ ಎಂಬ ಸಹೋದರರು ಇಲ್ಲಿಯ ಅರಸು ಮನೆತನದ ಮಾನ ಕಾಪಾಡಿದರು, ಆ ಮನೆಯ ಮಗಳನ್ನು ಯದುರಾಯರು ಮದುವೆಯಾದರು, 1399ರಲ್ಲಿ ಮೈಸೂರು ಒಡೆಯರ ವಂಶ ಹೀಗೆ ಆರಂಭವಾಯಿತು ಎಂಬುದು ಪರಂಪರೆಯ ಕಥೆ. ಅದೇ ಹದಿನಾರು ಕೆರೆಗೆ ಈಗಲೂ ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಮರಿ ಮಾಡುವುದು ಮಂಗೋಲಿಯಾ, ಟಿಬೆಟ್ ಕಡೆಯ ಸರೋವರಗಳಲ್ಲಿ. ಹಿಮಾಲಯ ದಾಟುವಾಗ 7,000 ಮೀಟರಿಗೂ ಮೇಲೆ ಹಾರಿದ್ದನ್ನು ವಿಜ್ಞಾನಿಗಳು ಉಪಗ್ರಹದ ಮೂಲಕ ಅಳೆದಿದ್ದಾರೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಗುರುತಿನ ಪಟ್ಟಿ ಹಾಕಿ ಬಿಟ್ಟ ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಂಡಿವೆ. ನಮ್ಮ ದನಕ್ಕೆ ಕಿವಿಯೋಲೆ ಹಾಕಿದ ಹಾಗೆ! ಗದಗ ಜಿಲ್ಲೆಯ ಮಾಗಡಿ ಕೆರೆಗೂ ಇವು ಬರುತ್ತವೆ. ಆ ಕೆರೆ 2024ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿತು.

ಹಗಲೆಲ್ಲ ನೀರಲ್ಲಿ ತೇಲಿಕೊಂಡು, ಕತ್ತಲಾದ ಮೇಲೆ ಸಾಲುಗಟ್ಟಿ ಗದ್ದೆಗೆ ಮೇಯಲು ಹೋಗುತ್ತವೆ. ಕೊಯ್ದ ಗದ್ದೆಯ ಉದುರು ಭತ್ತ, ಎಳೆ ಚಿಗುರು ಅವಕ್ಕೆ ಆಹಾರ. ಪೈರು ತಿಂದಾಗ ಬೈದುಕೊಳ್ಳುವ ರೈತರೂ ಉಂಟು, ಸುಳ್ಳು ಯಾಕೆ ಹೇಳಬೇಕು. ಆದರೂ ಅಷ್ಟು ದೂರದಿಂದ ಬಂದ ನೆಂಟರು ಎಂದು ಹಿರಿಯರು ಕಲ್ಲೆಸೆಯಲು ಬಿಡುತ್ತಿರಲಿಲ್ಲ.

ಜಾತ್ರೆಗಳೂ ಈ ಕಾಲಕ್ಕೇ. ಸಂಕ್ರಾಂತಿಗೆ ದನಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಕಿಚ್ಚು ಹಾಯಿಸುವುದು. ಆಮೇಲೆ ಸುತ್ತೂರು ಜಾತ್ರೆ, ಮುಡುಕುತೊರೆ ಜಾತ್ರೆ. ಮುಡುಕುತೊರೆಗೆ ಹಳ್ಳಿಕಾರ್ ಜೋಡಿ ಹೊಡೆದುಕೊಂಡು ಹೋಗುವಾಗ ನಮ್ಮ ಅಪ್ಪ ನಮ್ಮನ್ನು ಗಾಡಿಯಲ್ಲಿ ಹುಲ್ಲಿನ ಮೇಲೆ ಕೂರಿಸಿಕೊಳ್ಳೋರು. ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ 1989ರಲ್ಲಿ ಶುರುವಾದ ಕುಂಭಮೇಳವೂ ಮಾಘ ಮಾಸದ್ದೇ. 2025ರ ಫೆಬ್ರವರಿಯಲ್ಲೂ ನಡೆಯಿತು.

ಇನ್ನು ಬದಲಾವಣೆಯ ಮಾತು. 1974ರಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟೆ ಆಯಿತು, ನಾಲೆಗಳು ಬಂದವು. ಮುಂದೆ ವರುಣಾ ನಾಲೆಯೂ ಬಂತು. ಮಳೆ ನೋಡಿ ರಾಗಿ ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಭತ್ತ, ಬಾಳೆ, ಕಬ್ಬು ನಿಂತವು. ಹೊಟ್ಟೆ ತುಂಬಿತು, ಸಾಲ ತೀರಿತು. ಹಸಿರು ಮೇವು ಸಿಕ್ಕಿದ್ದರಿಂದಲೇ ಮನೆಗೆರಡು ಸೀಮೆಹಸು ಬಂದವು, ಹಸು ಬಂದದ್ದರಿಂದಲೇ ನಮ್ಮ ಸಂಘವೂ ಬೆಳೆಯಿತು. ಇದನ್ನು ಮರೆತು ಹಳೆಯದೇ ಚೆಂದ ಅಂದರೆ ತಪ್ಪಾದೀತು. ಆದರೆ ಕಣ ಹೋಯಿತು. ಮೊದಲು ರಾಗಿಯನ್ನು ಟಾರು ರಸ್ತೆಗೆ ಹಾಸಿದೆವು, ಈಗ ಮಿಷನ್ ಬಂದು ಒಂದು ಗಂಟೆಯಲ್ಲಿ ಮುಗಿಸಿ ಹೋಗುತ್ತದೆ. ಮುಯ್ಯಾಳೂ ಹೋಯಿತು.

ಕಬ್ಬಿನ ಗದ್ದೆಗೆ ಹೊಸ ನೆಂಟ ಬಂದ. ಚಿರತೆ ಹಿಂದೆಯೂ ಇತ್ತು, ಗುಡ್ಡದ ಬಂಡೆಗಳಲ್ಲಿ. ಆಳೆತ್ತರದ ಕಬ್ಬು ಸಿಕ್ಕಿದ ಮೇಲೆ ಅದಕ್ಕೆ ನೆರಳು, ಮರೆ, ಹತ್ತಿರದಲ್ಲೇ ನಾಯಿ, ಕರು, ಹಂದಿ ಎಲ್ಲ ಒಂದೇ ಕಡೆ ಸಿಕ್ಕವು. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ಕು ಜೀವ ಹೋದವು. ಇಬ್ಬರು ಕಾಲೇಜು ಓದುವವರು, ಒಬ್ಬ ವಯಸ್ಸಾದ ತಾಯಿ, ಒಬ್ಬ ಎಳೆಯ ಹುಡುಗ. ಉಕ್ಕಲಗೆರೆ, ಕೆಬ್ಬೆಹುಂಡಿ, ಕನ್ನಾಯಕನಹಳ್ಳಿ, ಹೊರಳಹಳ್ಳಿ ಹೆಸರು ಕೇಳಿದರೆ ಈಗಲೂ ಎದೆ ಝಲ್ ಅನ್ನುತ್ತದೆ. ಅರಣ್ಯ ಇಲಾಖೆ ಬೋನಿಟ್ಟಿತು, ಚಿರತೆ ಹಿಡಿಯಲು ವಿಶೇಷ ಕಾರ್ಯಪಡೆ ಆಯಿತು, ಬಲಿತ ಕಬ್ಬನ್ನು ಬೇಗ ಕಡಿಯಿರಿ ಎಂದು ಹೇಳಿದರು.

ಆ ಚಳಿಗಾಲ ನಾವು ಮರೆಯಲಾರೆವು. ಸಂಜೆ ಆರಕ್ಕೆ ಊರು ಬಾಗಿಲು ಹಾಕುತ್ತಿತ್ತು. ಬೆಳಗಿನ ಮಂಜಿನಲ್ಲಿ ಕ್ಯಾನ್ ಹಿಡಿದು ಡೈರಿಗೆ ಬರುವ ಹೆಣ್ಣುಮಕ್ಕಳಿಗೆ ಹೆದರಿಕೆ. ಒಬ್ಬ ಅಕ್ಕ ಬಂದು, "ಅಣ್ಣ, ಹಾಲು ಕೆಟ್ರೂ ಕೆಡ್ಲಿ, ನಾನು ಕತ್ಲೇಲಿ ಬರಕಿಲ್ಲ" ಅಂದುಬಿಟ್ಟರು. ನಾವು ನಿರ್ದೇಶಕರು ಕೂತು ಸಂಜೆ ಹಾಲು ಅಳೆಯುವ ಹೊತ್ತನ್ನು ಹಿಂದಕ್ಕೆ ಹಾಕಿಕೊಂಡೆವು. ಬೀದಿಗೊಂದು ಗುಂಪು ಮಾಡಿ, ಬ್ಯಾಟರಿ ಹಿಡಿದ ಇಬ್ಬರು ಗಂಡಸರು ಮುಂದೆ ಹಿಂದೆ ನಡೆಯುವುದು ಅಂತಾಯಿತು. ಎದುರು ಬದುರು ಮಾತಾಡದಿದ್ದ ಎರಡು ಮನೆಯವರು ಒಂದೇ ಗುಂಪಿನಲ್ಲಿ ನಡೆದರು. ಮುಯ್ಯಾಳು ಪೂರ್ತಿ ಸತ್ತಿಲ್ಲ ಅಂತ ಆವತ್ತು ನಮಗೆ ಗೊತ್ತಾಯಿತು.

ಈಗ ನಮ್ಮ ಮಕ್ಕಳನ್ನು ಹೊಲದಲ್ಲಿ ರಾತ್ರಿ ಮಲಗಿಸುವ ಧೈರ್ಯ ನಮಗಿಲ್ಲ. ಕಂಬಳಿ ಮೇಲಿನ ಇಬ್ಬನಿ ಅವರಿಗೆ ಗೊತ್ತಿಲ್ಲ. ಈ ನಷ್ಟಕ್ಕೆ ಯಾವ ವಿಮೆಯೂ ಇಲ್ಲ. ಹಾಗಂತ ಉರುಳು ಹಾಕಿ, ಸತ್ತ ಕರುವಿಗೆ ವಿಷ ಸವರಿ, ಬೇಲಿಗೆ ಕರೆಂಟು ಕೊಟ್ಟು ಮುಗಿಸಿಬಿಡೋಣ ಅನ್ನೋದು ದಾರಿಯಲ್ಲ. ಆ ಬೇಲಿಗೆ ನಮ್ಮ ಹಸುವೇ ಬೀಳುತ್ತದೆ, ನಮ್ಮ ಆಳೇ ಬೀಳುತ್ತಾನೆ. ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ: ಕೊಟ್ಟಿಗೆಗೆ ಭದ್ರ ಬಾಗಿಲು ಮಾಡಿಸಿ. ಸತ್ತ ದನ, ಕೋಳಿ ಕಸ ಊರಂಚಿಗೆ ಎಸೆಯದೆ ಹೂಳಿ. ಮನೆ ಮಗ್ಗುಲಿನ ಕಬ್ಬನ್ನು ಮೊದಲು ಕಡಿಸಿ. ಹೆಜ್ಜೆ ಗುರುತು ಕಂಡರೆ ಮುಚ್ಚಿಡದೆ ಅರಣ್ಯ ಇಲಾಖೆಗೆ ತಿಳಿಸಿ. ಕೆರೆ ಬಾತುಗಳಿಗೆ ಮಕ್ಕಳು ಕಲ್ಲು ಹೊಡೆಯದಂತೆ ನೋಡಿಕೊಳ್ಳಿ.

ಇನ್ನು 25 ವರ್ಷಕ್ಕೆ ಸಂಘದ ಸುವರ್ಣ ಮಹೋತ್ಸವ. ಆಗ ನಾವು ಕೋಲು ಹಿಡಿದಿರುತ್ತೇವೆ. ಆ ವರ್ಷದ ಪುಷ್ಯ ಮಾಸದಲ್ಲಿ ಹಿಮಾಲಯ ದಾಟಿ ಬಂದ ಬಾತುಗಳು ಕೆರೆಯಲ್ಲಿರಲಿ, ಅವನ್ನು ತೋರಿಸಲು ಮೊಮ್ಮಕ್ಕಳನ್ನು ಭಯವಿಲ್ಲದೆ ಕರೆದುಕೊಂಡು ಹೋಗುವಂತಾಗಲಿ. ಮುಂದಿನ ಸಂಕ್ರಾಂತಿಗೆ ಡೈರಿ ಮುಂದಿನ ಬಯಲಲ್ಲಿ ಎಲ್ಲರೂ ಸೇರಿ ಒಂದು ಬೆಂಕಿ ಹಾಕೋಣ. ಅವರೆಕಾಯಿ, ಕಡಲೆಕಾಯಿ ನಮ್ಮದು, ಸೌದೆ ನಿಮ್ಮದು.

ಜೈ ಸಹಕಾರ.