‘ಇತ್ಯಾದಿ’ ಎಂಬ ಕಚೇರಿ

ಲಿನಕ್ಸ್ ಯಂತ್ರಕ್ಕೆ ಅಪಾಚೆ ವೆಬ್ ಸರ್ವರನ್ನು ಹಾಕಿಕೊಂಡವರು ಮೊದಲು ಕೇಳುವ ಪ್ರಶ್ನೆ ಒಂದೇ: ಇದು ಹೋಗಿ ಕೂತದ್ದು ಎಲ್ಲಿ? ಉತ್ತರ ಮಾತ್ರ ಒಂದಲ್ಲ. ಪ್ರೋಗ್ರಾಮು ‘ಯುಎಸ್‌ಆರ್’ ಎಂಬ ಡೈರೆಕ್ಟರಿಯಲ್ಲಿ, ಸೆಟ್ಟಿಂಗುಗಳು ‘ಎಟ್ಸಿ’ಯಲ್ಲಿ, ಬಂದುಹೋದವರ ದಾಖಲೆ ‘ವಾರ್’ನಲ್ಲಿ, ಜನರಿಗೆ ಕಾಣಬೇಕಾದ ಪುಟಗಳು ಇನ್ನೊಂದು ಕಡೆ. ಹೊಸಬರಿಗೆ ಇದು ಯಾರೋ ಸಾಮಾನು ಚೆಲ್ಲಾಡಿದ ಮನೆಯಂತೆ ಕಾಣುತ್ತದೆ. ಆದರೆ ಪ್ರತಿ ಸಾಮಾನೂ ಅಲ್ಲಿಗೆ ಬಂದದ್ದಕ್ಕೆ ಕಾರಣವಿದೆ, ಕೆಲವು ಕಾರಣಗಳಿಗೆ ಐವತ್ತು ವರ್ಷ ದಾಟಿದೆ.

ಮೊದಲು ಹೆಸರುಗಳನ್ನೇ ನೋಡೋಣ. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಸಂಗಡಿಗರು ಪಿಡಿಪಿ-11 ಯಂತ್ರದ ಮೇಲೆ ಯುನಿಕ್ಸ್ ಕಟ್ಟುತ್ತಿದ್ದಾಗ ‘ಯುಎಸ್‌ಆರ್’ ಎಂದರೆ ಬಳಕೆದಾರರ ಮನೆ. ಅವರವರ ಸ್ವಂತ ಫೈಲುಗಳು ಅಲ್ಲಿರುತ್ತಿದ್ದವು. ಮೊದಲ ಡಿಸ್ಕಿನಲ್ಲಿ ಜಾಗ ಸಾಲದೆ ಬಂದಾಗ ಪ್ರೋಗ್ರಾಮುಗಳೂ ಆ ಇನ್ನೊಂದು ಡಿಸ್ಕಿಗೆ ಬಂದು ಸೇರಿಕೊಂಡವು. ಮುಂದೆ ಬಳಕೆದಾರರು ‘ಹೋಮ್’ ಎಂಬ ಬೇರೆ ಮನೆಗೆ ಹೋದರು. ಪ್ರೋಗ್ರಾಮುಗಳು ಉಳಿದವು, ಹಳೆಯ ಹೆಸರೂ ಉಳಿಯಿತು. ‘ಎಟ್ಸಿ’ಯಂತೂ ‘ಇತ್ಯಾದಿ’. ಬೇರೆಲ್ಲೂ ಸಲ್ಲದ್ದನ್ನು ಹಾಕುವ ಮೂಲೆ. ಇವತ್ತು ಇಡೀ ಯಂತ್ರದ ಆಡಳಿತ ನಡೆಯುವುದು ಆ ‘ಇತ್ಯಾದಿ’ಯಿಂದ.

ಭಾಷೆಯ ಇತಿಹಾಸ ಓದಿದವರಿಗೆ ಇದು ಹೊಸತಲ್ಲ. ಎಳ್ಳಿನ ನೆಯ್ ‘ಎಣ್ಣೆ’ಯಾಯಿತು. ಈಗ ಕೊಬ್ಬರಿ ಎಣ್ಣೆಯಲ್ಲಿ ಎಳ್ಳೂ ಇಲ್ಲ, ನೆಯ್ಯೂ ಇಲ್ಲ. ತಮಿಳಿನ ‘ಎಣ್ಣೆಯ್’ ಕತೆಯೂ ಇದೇ. ಅರ್ಥ ಮನೆ ಬದಲಿಸುತ್ತದೆ, ಹೆಸರು ಹಳೆಯ ಬಾಗಿಲಿನ ಮೇಲೆಯೇ ಇರುತ್ತದೆ.

ವೆಬ್ ಸರ್ವರು ಈ ಹಳೆಯ ಊರಿಗೆ ತಡವಾಗಿ ಬಂದ ಒಕ್ಕಲು. 1993ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಬರೆದ ಸರ್ವರು ತನ್ನ ಸಂಸಾರವನ್ನೆಲ್ಲ ಒಂದೇ ಸೂರಿನಡಿ ಇಟ್ಟುಕೊಂಡಿತ್ತು. ಸೆಟ್ಟಿಂಗಿಗೆ ‘ಕಾನ್ಫ್’, ದಾಖಲೆಗೆ ‘ಲಾಗ್ಸ್’, ಪುಟಗಳಿಗೆ ‘ಎಚ್‌ಟಿಡಾಕ್ಸ್’, ಚಿತ್ರಗಳಿಗೆ ‘ಐಕಾನ್ಸ್’, ಕೇಳಿದಾಗ ಓಡುವ ಪ್ರೋಗ್ರಾಮುಗಳಿಗೆ ‘ಸಿಜಿಐ-ಬಿನ್’. ಮೆಕೂಲ್ 1994ರಲ್ಲಿ ಅಲ್ಲಿಂದ ಹೊರಟ ಮೇಲೆ ಸರ್ವರಿನ ಕೆಲಸ ನಿಂತಿತು. ಅದನ್ನು ಬಳಸುತ್ತಿದ್ದವರೇ ತಮ್ಮ ತಮ್ಮ ತೇಪೆಗಳನ್ನು ಒಟ್ಟುಮಾಡಿ 1995ರ ಏಪ್ರಿಲ್‌ನಲ್ಲಿ ಅಪಾಚೆಯನ್ನು ಹೊರತಂದರು. ಕೋಣೆಗಳ ಹೆಸರು ಬದಲಾಗಲಿಲ್ಲ. ಮೂಲ ಸೈಟಿನಿಂದ ಅಪಾಚೆಯನ್ನು ಇಳಿಸಿ ನಾವೇ ಕಟ್ಟಿಕೊಂಡರೆ ಇಂದಿಗೂ ಅದೇ ‘ಕಾನ್ಫ್’, ‘ಲಾಗ್ಸ್’, ‘ಎಚ್‌ಟಿಡಾಕ್ಸ್’ ಎದುರಾಗುತ್ತವೆ.

ಆದರೆ ಹೆಚ್ಚಿನವರು ಹಾಗೆ ಕಟ್ಟುವುದಿಲ್ಲ. ಡೆಬಿಯನ್, ರೆಡ್ ಹ್ಯಾಟ್, ಸೂಸೆ ಮೊದಲಾದ ವಿತರಣೆಗಳು ಸಿದ್ಧಮಾಡಿ ಕೊಟ್ಟದ್ದನ್ನು ಹಾಕಿಕೊಳ್ಳುತ್ತಾರೆ. ಈ ವಿತರಣೆಗಳಿಗೆ ಒಂದು ಊರಿನ ನಿಯಮವಿತ್ತು. 1994ರಲ್ಲಿ ಮೊದಲು ಬರೆಯಲಾದ, ಆಮೇಲೆ ಎಫ್‌ಎಚ್‌ಎಸ್ ಎಂಬ ಹೆಸರು ಪಡೆದ ಮಾನದಂಡ ಅದು. ಅದರ ಹಿಂದಿನ ವಿಚಾರ ಸರಳ: ಮಾರ್ಪಡದ್ದು ಬೇರೆ, ಬೆಳೆಯುವುದು ಬೇರೆ, ಯಂತ್ರ ನೋಡಿಕೊಳ್ಳುವವರು ಕೈಯಾರೆ ಬರೆದದ್ದು ಬೇರೆ. ಹಾಗಾಗಿ ಅವಿಭಕ್ತ ಕುಟುಂಬದಂತಿದ್ದ ಸರ್ವರು ಪಾಲಾಯಿತು.

ಈ ಪಾಲು ಕಾಗದದ ಮೇಲಿನ ಅಚ್ಚುಕಟ್ಟಿಗಾಗಿ ಅಲ್ಲ. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿದಾಗ ನೀರು ನುಗ್ಗಿದ ಮನೆಗಳಲ್ಲಿ ಮೊದಲು ಎತ್ತಬೇಕಾದದ್ದು ಯಾವುದು? ಮಂಚ ಅಲ್ಲ, ರೇಷನ್ ಕಾರ್ಡು, ಪಟ್ಟಾ, ಮಾರ್ಕ್ಸ್ ಕಾರ್ಡು. ಮಂಚ ಅಂಗಡಿಯಲ್ಲಿ ಮತ್ತೆ ಸಿಗುತ್ತದೆ. ಸರ್ವರು ಕೆಟ್ಟಾಗಲೂ ಅಷ್ಟೇ. ‘ಯುಎಸ್‌ಆರ್’ನಲ್ಲಿ ವಿತರಣೆ ಕೊಟ್ಟದ್ದನ್ನು ಮತ್ತೆ ಇಳಿಸಿಕೊಳ್ಳಬಹುದು. ‘ಎಟ್ಸಿ’ಯಲ್ಲಿ ಒಬ್ಬರು ವರ್ಷಗಟ್ಟಲೆ ತಿದ್ದಿದ ಸಾಲುಗಳೂ ಜನರಿಗಾಗಿ ಬರೆದ ಪುಟಗಳೂ ಹೋದರೆ ಹೋದಂತೆ. ಯಾವುದು ಎಲ್ಲಿದೆ ಎಂದು ಗೊತ್ತಿದ್ದರೆ ಮಾತ್ರ ಉಳಿಸಿಕೊಳ್ಳಲು ಸಾಧ್ಯ.

ತೊಂದರೆಯೆಂದರೆ, ಪಾಲುಮಾಡಿದವರು ಎಲ್ಲರೂ ಒಂದೇ ರೀತಿ ಮಾಡಲಿಲ್ಲ. ಚೆನ್ನೈ ಇದಕ್ಕೆ ಒಳ್ಳೆಯ ಉದಾಹರಣೆ. ಕೇಂದ್ರ ಸರ್ಕಾರದ ನೆರವಿನಿಂದ ಆರಂಭವಾದ ಎನ್‌ಆರ್‌ಸಿಫಾಸ್ ಯೋಜನೆಯನ್ನು ಇಲ್ಲಿನ ಸಿ-ಡ್ಯಾಕ್ ಮತ್ತು ಕ್ರೋಮ್‌ಪೇಟೆಯ ಎಂಐಟಿ ಆವರಣದಲ್ಲಿರುವ ಎಯು-ಕೆಬಿಸಿ ಸಂಶೋಧನಾ ಕೇಂದ್ರ ನಡೆಸಿದವು. ಅದರಿಂದ 2007ರಲ್ಲಿ ಬಾಸ್ ಲಿನಕ್ಸ್ ಬಂತು, ‘ಭಾರತ್ ಆಪರೇಟಿಂಗ್ ಸಿಸ್ಟಮ್ ಸೊಲ್ಯೂಷನ್ಸ್’ ಎಂಬುದರ ಹ್ರಸ್ವರೂಪ. ಇದರ ತಳಪಾಯ ಡೆಬಿಯನ್. ಸುಮಾರು ಅದೇ ಹೊತ್ತಿಗೆ ತಮಿಳುನಾಡು ಸರ್ಕಾರದ ಎಲ್ಕಾಟ್, ಸಿ. ಉಮಾಶಂಕರ್ ಅವರು ವ್ಯವಸ್ಥಾಪಕ ನಿರ್ದೇಶಕರಾಗಿದ್ದಾಗ, ಸೂಸೆ ಲಿನಕ್ಸಿನತ್ತ ಹೊರಳಿತು. ಒಂದೇ ನಗರ, ಎರಡು ಸರ್ಕಾರಗಳ ಸಂಸ್ಥೆಗಳು, ಎರಡು ವಾಸ್ತು.

ಡೆಬಿಯನ್ ಸಂಪ್ರದಾಯದಲ್ಲಿ ಪುಟಗಳು ‘ವಾರ್’ನೊಳಗಿನ ‘ಡಬ್ಲ್ಯು ಡಬ್ಲ್ಯು ಡಬ್ಲ್ಯು’ನಲ್ಲಿರುತ್ತವೆ. ಸೂಸೆಯಲ್ಲಿ ‘ಎಸ್‌ಆರ್‌ವಿ’ ಎಂಬಲ್ಲಿ, ಅದರೊಳಗೆ ಮೆಕೂಲ್ ಕಾಲದ ‘ಎಚ್‌ಟಿಡಾಕ್ಸ್’ ಎಂಬ ಹೆಸರಿನಲ್ಲೇ. ಡೆಬಿಯನ್‌ನಲ್ಲಿ ಪ್ರತಿ ಸೈಟಿನ ವಿವರವನ್ನು ‘ಸೈಟ್ಸ್-ಅವೈಲಬಲ್’ನಲ್ಲಿ ಬರೆದಿಟ್ಟು, ಅದಕ್ಕೊಂದು ಕೊಂಡಿಯನ್ನು ‘ಸೈಟ್ಸ್-ಎನೇಬಲ್ಡ್’ನಲ್ಲಿ ಇಟ್ಟಾಗ ಮಾತ್ರ ಸೈಟು ಜೀವಪಡೆಯುತ್ತದೆ. ಕೊಂಡಿ ತೆಗೆದರೆ ಸೈಟು ಮಲಗುತ್ತದೆ, ಬರೆದದ್ದು ಹಾಗೇ ಇರುತ್ತದೆ. ರೆಡ್ ಹ್ಯಾಟ್ ಕಲಿತು ಬಂದವರು ಈ ಜೋಡಿಯನ್ನು ಹುಡುಕಿಯೇ ಇರುವುದಿಲ್ಲ, ಅವರಿಗೆ ‘ಎಟ್ಸಿ’ಯ ಆ ಕೋಣೆಯ ಹೆಸರೂ ‘ಅಪಾಚೆ2’ ಅಲ್ಲ, ‘ಎಚ್‌ಟಿಟಿಪಿಡಿ’. ಈ ಭಿನ್ನತೆಯನ್ನು ಅಪಾಚೆಯವರೂ ಒಪ್ಪಿಕೊಂಡಿದ್ದಾರೆ. ಅವರ ಮೂಲಪ್ರತಿಯೊಳಗೆ ‘ಕಾನ್ಫಿಗ್ ಲೇಔಟ್’ ಎಂಬ ಫೈಲಿದೆ. ಅದರಲ್ಲಿ ಅಪಾಚೆ, ಗ್ನು, ರೆಡ್ ಹ್ಯಾಟ್, ಸೂಸೆ, ಡೆಬಿಯನ್ ಎಂದು ಮನೆಯ ನಕ್ಷೆಗಳನ್ನು ಒಂದರ ಕೆಳಗೊಂದು ಬರೆದಿಟ್ಟಿದ್ದಾರೆ. ಬೇಕಾದ್ದನ್ನು ಆರಿಸಿಕೊಳ್ಳಿ ಎಂದರ್ಥ. ಉಪಭಾಷೆಗಳ ಕೋಶವೆಂದರೂ ಸರಿಯೇ.

ಬಾಸ್‌ಗೆ ಇನ್ನೊಂದು ಗುರಿಯಿತ್ತು: ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಕಂಪ್ಯೂಟರು. ಮೆನುಗಳು ಅನುವಾದವಾದವು. ಲಿನಕ್ಸ್ ಡೆಸ್ಕ್‌ಟಾಪುಗಳಲ್ಲಿ ಬಳಕೆದಾರರ ‘ಡಾಕ್ಯುಮೆಂಟ್ಸ್’, ‘ಡೌನ್‌ಲೋಡ್ಸ್’ನಂಥ ಫೋಲ್ಡರುಗಳೂ ಅನುವಾದವಿದ್ದರೆ ಆಯಾ ಭಾಷೆಯ ಹೆಸರು ಪಡೆಯುತ್ತವೆ. ‘ಎಟ್ಸಿ’ ಮಾತ್ರ ‘ಇತ್ಯಾದಿ’ಯಾಗಲಿಲ್ಲ. ಆಗಲಾರದು ಕೂಡ. ನೂರಾರು ಪ್ರೋಗ್ರಾಮುಗಳು ಆ ಹೆಸರನ್ನೇ ಹಿಡಿದು ಬಂದು ಬಾಗಿಲು ತಟ್ಟುತ್ತವೆ. ಒಂದಕ್ಷರ ಬದಲಾದರೂ ಸರ್ವರು ಏಳುವುದಿಲ್ಲ. ಅದು ಪದವಾಗಿ ಉಳಿದಿಲ್ಲ, ವಿಳಾಸವಾಗಿದೆ. ವಿಳಾಸವನ್ನು ಅನುವಾದಿಸಿದರೆ ಕಾಗದ ತಲುಪುವುದಿಲ್ಲ.

ಹಾಗಾದರೆ ಈ ಮನೆಯಲ್ಲಿ ಕನ್ನಡಕ್ಕೆ ಜಾಗವೇ ಇಲ್ಲವೇ? ಇದೆ, ಬಹಳ ಹಿಂದಿನಿಂದ ಇದೆ. ಅಪಾಚೆಯ 1.3 ಮತ್ತು 2.0 ಆವೃತ್ತಿಗಳನ್ನು ಸ್ಥಾಪಿಸಿದಾಗ ‘ಎಚ್‌ಟಿಡಾಕ್ಸ್’ನಲ್ಲಿ ಸ್ವಾಗತ ಪುಟ ಹತ್ತಾರು ಭಾಷೆಗಳಲ್ಲಿ ಸಾಲಾಗಿ ಕೂತಿರುತ್ತಿತ್ತು. ಫೈಲಿನ ಹೆಸರಿನ ತುದಿಗೆ ಇಂಗ್ಲಿಷಿಗೆ ‘ಇಎನ್’, ಫ್ರೆಂಚಿಗೆ ‘ಎಫ್‌ಆರ್’, ಜಪಾನಿಗೆ ‘ಜೆಎ’. ಓದುಗರ ಬ್ರೌಸರು ಯಾವ ಭಾಷೆ ಬೇಕೆಂದು ಕೇಳುತ್ತದೋ ಆ ಪುಟವನ್ನು ಸರ್ವರು ತಾನೇ ಆರಿಸಿ ಕೊಡುತ್ತಿತ್ತು. ಆ ಸಾಲಿನಲ್ಲಿ ಕನ್ನಡವಿರಲಿಲ್ಲ. 2.2ರ ಹೊತ್ತಿಗೆ ಆ ಸಾಲನ್ನೇ ತೆಗೆದು ‘ಕೆಲಸ ಮಾಡುತ್ತಿದೆ’ ಎಂಬರ್ಥದ ಒಂದೇ ಇಂಗ್ಲಿಷ್ ವಾಕ್ಯ ಇಟ್ಟರು. ಆರಿಸಿ ಕೊಡುವ ಸೌಲಭ್ಯ ಮಾತ್ರ ಇಂದಿಗೂ ಇದೆ. ಕನ್ನಡದ ಸಂಕೇತ ‘ಕೆಎನ್’.

‘ಎಟ್ಸಿ’ಯಲ್ಲಿ ಒಂದೆರಡು ಸಾಲು ಬರೆದು ಈ ಸೌಲಭ್ಯವನ್ನು ತೆರೆಯಬಹುದು. ಆಮೇಲೆ ‘ಕೆಎನ್’ ಎಂಬ ಬಾಲವಿರುವ ಪುಟವನ್ನು ಇಂಗ್ಲಿಷ್ ಪುಟದ ಪಕ್ಕದಲ್ಲಿ ಇಟ್ಟರಾಯಿತು. ಕನ್ನಡ ಬೇಕೆಂದು ಬ್ರೌಸರಿನಲ್ಲಿ ಹೇಳಿಟ್ಟವರಿಗೆ ಕಾಸರಗೋಡಿನಲ್ಲಿರಲಿ, ಕಲಬುರಗಿಯಲ್ಲಿರಲಿ, ಆ ಪುಟವೇ ಬರುತ್ತದೆ. ಕೋಣೆಯ ಬಾಗಿಲ ಮೇಲಿನ ಹೆಸರು ಇಲಿನಾಯಿನದೋ ಬೆಲ್ ಲ್ಯಾಬ್ಸಿನದೋ ಆಗಿದ್ದರೆ ಇರಲಿ. ಒಳಗೆ ಇಡಬೇಕಾದ ಪುಟವನ್ನು ಬರೆಯುವ ಕೆಲಸ ನಮ್ಮದು.