ದಂತ ಇಂಪ್ಲಾಂಟ್‌ಗಳ ಬಾಳಿಕೆ

ದಂತ ಇಂಪ್ಲಾಂಟ್ ಎಂದರೆ ಕಳೆದುಹೋದ ಹಲ್ಲಿನ ಬೇರಿನ ಜಾಗದಲ್ಲಿ ದವಡೆಯ ಮೂಳೆಯೊಳಗೆ ಕೂರಿಸುವ, ಸಾಮಾನ್ಯವಾಗಿ ಟೈಟಾನಿಯಂನಿಂದ ಮಾಡಿದ ತಿರುಪು. ಜೀವಂತ ಮೂಳೆ ಟೈಟಾನಿಯಂಗೆ ನೇರವಾಗಿ ಬೆಸೆದುಕೊಳ್ಳುವುದನ್ನು 1950ರ ದಶಕದಲ್ಲಿ ಮೊಲಗಳಲ್ಲಿ ಗಮನಿಸಿದ ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್, 1965ರಲ್ಲಿ ಮೊದಲ ರೋಗಿಗೆ ಇಂಪ್ಲಾಂಟ್‌ಗಳನ್ನು ಅಳವಡಿಸಿದರು. ಅವು ಆ ರೋಗಿಯ ಮರಣದವರೆಗೂ, ಸುಮಾರು ನಾಲ್ಕು ದಶಕ ಬಾಳಿದವು.

ಹತ್ತು ವರ್ಷಗಳ ನಂತರವೂ ಸುಮಾರು 95% ಇಂಪ್ಲಾಂಟ್‌ಗಳು ಬಾಯಲ್ಲಿ ಉಳಿದಿರುತ್ತವೆ. ಆದರೆ ಇಂಪ್ಲಾಂಟ್ ಮೇಲೆ ಕೂರಿಸುವ ಕೃತಕ ಹಲ್ಲು ಸವೆಯುವುದರಿಂದ ಅಥವಾ ಬಿರುಕು ಬಿಡುವುದರಿಂದ, ಅದನ್ನು ಸಾಮಾನ್ಯವಾಗಿ 10–15 ವರ್ಷಗಳಲ್ಲಿ ಬದಲಿಸಬೇಕಾಗಬಹುದು.

ಆರಂಭಿಕ ವೈಫಲ್ಯಕ್ಕೆ ಮೂಳೆ ಬೆಸೆಯದಿರುವುದು ಕಾರಣ. ಮೃದು ಮೂಳೆಯಿರುವ ಮೇಲ್ದವಡೆಯ ಹಿಂಭಾಗದಲ್ಲಿ ಈ ಅಪಾಯ ಹೆಚ್ಚು. ನಂತರದ ಮುಖ್ಯ ಶತ್ರು, ಇಂಪ್ಲಾಂಟ್ ಸುತ್ತಲಿನ ಒಸಡು ಉರಿಯೂತಗೊಂಡು ಮೂಳೆ ಕರಗುವ ಪೆರಿ-ಇಂಪ್ಲಾಂಟೈಟಿಸ್. ಧೂಮಪಾನ, ಹತೋಟಿ ತಪ್ಪಿದ ಮಧುಮೇಹ, ಹಿಂದಿನ ಒಸಡು ರೋಗ ಹಾಗೂ ದವಡೆಗೆ ನೀಡಿದ ವಿಕಿರಣ ಚಿಕಿತ್ಸೆ ಅಪಾಯವನ್ನು ಹೆಚ್ಚಿಸುತ್ತವೆ. ಸಹಜ ಹಲ್ಲಿಗಿರುವ, ಒತ್ತಡ ಹೀರುವ ತಂತುಪದರ ಇಂಪ್ಲಾಂಟ್‌ಗಿಲ್ಲ; ಆದ್ದರಿಂದ ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ತಿರುಪನ್ನು ಸಡಿಲಿಸಬಹುದು, ಮುರಿಯಲೂಬಹುದು.

ಇಂಪ್ಲಾಂಟ್‌ಗೆ ಹುಳುಕು ಹಿಡಿಯುವುದಿಲ್ಲ, ಆದರೆ ಸುತ್ತಲಿನ ಒಸಡಿಗೆ ಆರೈಕೆ ಬೇಕೇಬೇಕು. ದಿನವೂ ಹಲ್ಲಿನ ಸಂದುಗಳ ಶುದ್ಧಿ ಮತ್ತು ನಿಯಮಿತ ದಂತ ತಪಾಸಣೆ ಬಾಳಿಕೆಗೆ ಅತ್ಯಗತ್ಯ.